ಒಂದು ಬೆರಳು ಕೆಳಗೆ

ಮಂಡಕ್ಕಿ ತಿಂದ ಕೈಯಲ್ಲಿ ಮೌಸ್ ಮುಟ್ಟಬಾರದು ಎಂಬುದು ನಮ್ಮ ಅಂಗಡಿಯ ಏಕೈಕ ಕಾನೂನಾಗಿತ್ತು. ಅದನ್ನು ಮಾಡಿದವಳೂ ಮುರಿಯುತ್ತಿದ್ದವಳೂ ನಮ್ಮ ವನಜಕ್ಕನೇ. ಹಿರಿಯೂರಿನ ಬಸ್‌ಸ್ಟ್ಯಾಂಡಿನ ಹಿಂದೆ ನಾವಿಬ್ಬರು ಅಕ್ಕತಂಗಿಯರು ನಡೆಸುತ್ತಿದ್ದ ಡಿ.ಟಿ.ಪಿ. ಅಂಗಡಿಯಲ್ಲಿ ಆ ಸಂಜೆಯೂ ಅವಳು ಮೆಣಸಿನಕಾಯಿ ಬಜ್ಜಿಯ ಎಣ್ಣೆಯನ್ನು ಸೆರಗಿಗೆ ಒರೆಸಿ, "ಒಣಗೈತೆ ಬಿಡೇ" ಎಂದು ಕೆಲಸಕ್ಕೆ ಕೂತಳು. ನಾನು ಬೈದೆ, ಅವಳು ನಕ್ಕಳು. ಅದು ನಮ್ಮ ಕೊನೆಯ ಮಾಮೂಲಿ ದಿನ. ಮರುದಿನ ಬೆಳಗ್ಗೆ ಎದೆ ಹಿಡಿದುಕೊಂಡು ಕೂತ ಅಕ್ಕ ಚಿತ್ರದುರ್ಗದ ಆಸ್ಪತ್ರೆ ಮುಟ್ಟಲಿಲ್ಲ.

ನಮಗಿದ್ದದ್ದು ಒಂದೇ ಕಂಪ್ಯೂಟರ್, ಅದರೊಳಗೆ ಎರಡು ಖಾತೆ. ಅಕ್ಕನದು ಸರ್ವಾಧಿಕಾರದ್ದು, ನನ್ನದು, ಯಂತ್ರವೇ ದಾಕ್ಷಿಣ್ಯವಿಲ್ಲದೆ ಹೇಳುವಂತೆ, ಸೀಮಿತ. ಕಂಡ ಕಂಡಲ್ಲಿಂದ ಮೀನಿನ ತೊಟ್ಟಿ, ಹಾರುವ ಚಿಟ್ಟೆಗಳನ್ನು ತಂದು ಪರದೆಗೆ ಅಂಟಿಸುವ ನನ್ನ ಕಲಾಭಿರುಚಿಗೆ ಹೆದರಿ ಅವಳು ಮಾಡಿದ ಏರ್ಪಾಡು ಅದು. ತನ್ನ ಪಾಸ್‌ವರ್ಡನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳು ಪಕ್ಕದಲ್ಲೇ ಕೂತಿರುವಾಗ ಕೇಳುವ ಪ್ರಮೇಯವಾದರೂ ಎಲ್ಲಿತ್ತು?

ಸೂತಕ ಕಳೆದು ಬಾಗಿಲು ತೆರೆದ ದಿನವೇ ಯಲ್ಲದಕೆರೆ ಶಾಲೆಯ ತಿಪ್ಪೇಸ್ವಾಮಿ ಮೇಷ್ಟ್ರು ಬಂದರು. ಮಕ್ಕಳ ಗುರುತಿನ ಚೀಟಿಗಳು ಪರೀಕ್ಷೆಗೆ ಮೊದಲು ಆಗಬೇಕಿತ್ತು. ಇಂಥ ಕೆಲಸಕ್ಕೆಂದೇ ಅಕ್ಕ ಒಂದು ಸ್ಕ್ರಿಪ್ಟ್ ಬರೆದಿದ್ದಳು. ಅದನ್ನು ಓಡಿಸಿದರೆ ಮೌಸಿನ ಬಾಣ ತಾನೇ ಓಡಾಡಿ, ಪಟ್ಟಿಯಿಂದ ಹೆಸರು ಎತ್ತಿ ಚೀಟಿಯ ಮನೆಗಳಲ್ಲಿ ತುಂಬಿ, ಉಳಿಸಿ, ಅಚ್ಚಿಗೆ ಕಳಿಸುತ್ತಿತ್ತು. ಕಂಪ್ಯೂಟರಿನೊಳಗೆ ಇಬ್ಬರಿಗೂ ತೆರೆಯುವ ಕಪಾಟಿನಲ್ಲೇ, ಅಂದರೆ ಫೋಲ್ಡರಿನಲ್ಲೇ, ಅದಿತ್ತು. ನನ್ನ ಖಾತೆಯಲ್ಲಿ ಓಡಿಸಿದೆ. ಎರಡು ಹೆಜ್ಜೆ ಇಟ್ಟು, ಅನುಮತಿ ಇಲ್ಲವೆಂದು ನಿಂತುಬಿಟ್ಟಿತು.

ದುರ್ಗದಿಂದ ಬಂದ ರಿಪೇರಿ ನಾಗರಾಜ ನೋಡಿದ. "ಪಾಸ್‌ವರ್ಡ್ ಇಲ್ಲ ಅಂದ್ರೆ ಇನ್ನೇನ್ ಮಾಡಾಣ? ಫಾರ್ಮ್ಯಾಟ್ ಹೊಡ್ದು ಹೊಸದಾಗಿ ಹಾಕಾಣ."

"ಅಕ್ಕ ಮಾಡಿಟ್ಟಿದ್ದು?"

"ಎಲ್ಲಾ ಹೋಗ್ತೈತೆ."

"ಹಂಗಾದ್ರೆ ಬ್ಯಾಡ."

"ಏನವ್ವ ತಾಯಿ, ನಿನ್ನ ಅಕೌಂಟಲ್ಲಿ ಗಡಿಯಾರ ತಿರುಗ್ಸಾಕೂ ಪರ್ಮಿಷನ್ ಇಲ್ಲ. ಅದ್ರಾಗೆ ಸ್ಕ್ರಿಪ್ಟ್ ಓಡುಸ್ತೀಯಾ? ಭಾನುವಾರ ಸಿ.ಡಿ. ತರ್ತೀನಿ. ಅಷ್ಟರಾಗೆ ಮಾಡಿದ್ರೆ ನೀನೇ ಗುರು."

ಪಿಯುಸಿಯಲ್ಲಿ ಗಣಿತಕ್ಕೆ ಹೆದರಿ ಕಲಾ ವಿಭಾಗ ಸೇರಿದವಳು ನಾನು. ಆದರೂ, ಮನುಷ್ಯರು ಹೋದ ಮೇಲೆ ಅವರು ಮಾಡಿಟ್ಟದ್ದನ್ನೂ ಒಂದು ಸಿ.ಡಿ. ಹಾಕಿ ಅಳಿಸುವುದೆಂದರೆ ಅದು ನನ್ನಿಂದಾಗದು ಎಂಬ ಹಟ ಬಂದುಬಿಟ್ಟಿತು. ಸ್ಕ್ರಿಪ್ಟನ್ನು ನನ್ನ ಜಾಗಕ್ಕೆ ನಕಲು ಮಾಡಿಕೊಂಡು, ಸಾಲು ಸಾಲಾಗಿ ಓದಿದೆ. ತುಂಬಿದ ಚೀಟಿಯನ್ನು ಅದು ಅಕ್ಕನ ಸ್ವಂತ ಕಪಾಟಿನೊಳಗೆ ಇಡಲು ಹೋಗುತ್ತಿತ್ತು. ಅಲ್ಲಿಗೆ ನನಗೆ ಪ್ರವೇಶವಿರಲಿಲ್ಲ. ಆ ವಿಳಾಸ ತೆಗೆದು ನನ್ನ ಕಪಾಟಿನ ವಿಳಾಸ ಬರೆದೆ. ಸ್ಕ್ರಿಪ್ಟ್ ಓಡಿತು. ಓಡಿದ್ದೇನೋ ಓಡಿತು, ಆದರೆ ಹುಡುಗಿಯ ಹೆಸರು ತಂದೆಯ ಮನೆಯಲ್ಲೂ ತಂದೆಯ ಹೆಸರು ಊರಿನ ಮನೆಯಲ್ಲೂ ಹೋಗಿ ಕೂತವು. ಯಲ್ಲದಕೆರೆಯ ಕೂಸೊಂದು ನನ್ನ ಕೃಪೆಯಿಂದ ತನಗೆ ತಾನೇ ತಂದೆಯಾಗಿ ಅಚ್ಚಾಯಿತು.

ಅದನ್ನು ಕಂಡು, ಅಕ್ಕ ಹೋದ ಮೇಲೆ ಮೊದಲ ಸಲ ನಕ್ಕೆ. ಆಮೇಲೆ ಬಾಣ ಬೀಳುವ ಕಡೆಯಲ್ಲೆಲ್ಲ ಪರದೆಯ ಮೇಲೆ ಬೆರಳಿಟ್ಟು ನೋಡಿದೆ. ಪ್ರತಿ ಸಲವೂ ಬೀಳಬೇಕಾದ ಜಾಗಕ್ಕಿಂತ ಸರಿಯಾಗಿ ಒಂದು ಬೆರಳು ಕೆಳಗೆ. ಇಷ್ಟು ಶಿಸ್ತಿನ ತಪ್ಪನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಶನಿವಾರ ಮಧ್ಯಾಹ್ನದವರೆಗೂ ಸಾಲುಗಳನ್ನು ತಿದ್ದಿದೆ, ತಿದ್ದಿದ್ದನ್ನು ಮತ್ತೆ ತಿದ್ದಿದೆ. ಏನೂ ಆಗದೆ ಸಾಕಾಗಿ, ಮೇಜಿನ ಮೇಲೆ ಕೈಗೆ ಅಡ್ಡವಾಗುತ್ತಿದ್ದ ಕೆಟ್ಟ ಹಾಳೆಗಳ ಕಟ್ಟನ್ನು ಮಾನಿಟರಿನ ಬುಡಕ್ಕೆ ತಳ್ಳಿದೆ. ಪರದೆಯ ಕೆಳಗಿನ ಪಟ್ಟಿ, ಸ್ಟಾರ್ಟ್ ಗುಂಡಿ ಇರುವಂಥದ್ದು, ಅದರ ಹಿಂದೆ ಮರೆಯಾಯಿತು.

ಆ ಕಟ್ಟು ಯಾವತ್ತೂ ಇದ್ದದ್ದೇ ಅಲ್ಲಿ. ಸೂತಕ ಕಳೆದು ಬಾಗಿಲು ತೆರೆದ ದಿನ ಗುಡಿಸುವಾಗ ನಾನೇ ಸರಿಸಿದ್ದೆ. ಅದು ಅಡ್ಡ ಬರುತ್ತದೆಂದು ಅಕ್ಕ ತನ್ನ ಪರದೆಯಲ್ಲಿ ಆ ಪಟ್ಟಿಯನ್ನೇ ನೆತ್ತಿಗೆ ಏರಿಸಿಕೊಂಡಿದ್ದಳು; ಕಟ್ಟನ್ನು ಎತ್ತಿಡುವ ಯೋಚನೆ ಮಾತ್ರ ಅವಳಿಗೆ ಬಂದಿರಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕಂಡಿದ್ದೇನೆ, ಗಮನಿಸಿರಲಿಲ್ಲ. ಪಟ್ಟಿ ಮೇಲಿದ್ದರೆ ಉಳಿದದ್ದೆಲ್ಲ ಒಂದು ಬೆರಳು ಕೆಳಗಿಳಿಯುತ್ತದೆ. ಸ್ಕ್ರಿಪ್ಟಿನದು ತಪ್ಪೇ ಅಲ್ಲ; ಅದು ಅಕ್ಕನ ಕಣ್ಣಿಗೆ ಕಂಡ ಪರದೆಯನ್ನು ನಂಬಿ ಬರೆದದ್ದು, ನಾನು ನನ್ನ ಪರದೆಯಲ್ಲಿ ಅದನ್ನು ತಿದ್ದುತ್ತಾ ಕೂತಿದ್ದೆ. ತಿದ್ದಿದ್ದನ್ನೆಲ್ಲ ಬಿಟ್ಟು, ಕಪಾಟಿನ ವಿಳಾಸವೊಂದನ್ನು ಉಳಿಸಿಕೊಂಡು, ನನ್ನ ಪಟ್ಟಿಯನ್ನೂ ಎಳೆದು ಮೇಲಕ್ಕೆ ಕೂರಿಸಿದೆ. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಕೂಸು ಮತ್ತೆ ಕೂಸಾಯಿತು, ತಂದೆ ತಂದೆಯಾದ.

ಭಾನುವಾರ ನಾಗರಾಜ ಚೀಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಸಿ.ಡಿ. ಸುಮ್ನೆ ದುರ್ಗದಿಂದ ಇಲ್ಲಿಗಂಟ ಬಸ್ಸಲ್ಲಿ ಬಂತು. ಟೀನಾದ್ರೂ ಕುಡ್ಸು ಗುರುವೇ" ಎಂದ. ಅಕ್ಕನ ಖಾತೆ ಇವತ್ತಿಗೂ ಅಲ್ಲೇ ಇದೆ, ಬೀಗ ಹಾಕಿಕೊಂಡು.

ಸ್ಕ್ರಿಪ್ಟು ಒಂದೇ ಒಂದು ಕಡೆ ಈಗಲೂ ನಿಲ್ಲುತ್ತದೆ. ಕೆಟ್ಟು ಅಲ್ಲ, ಅಕ್ಕ ಹಾಗೇ ಬರೆದಿದ್ದಾಳೆ. ಅಚ್ಚಿಗೆ ಹೋಗುವ ಮುಂಚೆ ಬಾಣ ತಟಸ್ಥವಾಗಿ, ಒಂದು ಗುಂಡಿ ಒತ್ತುವ ತನಕ ಕಾಯುತ್ತದೆ. ಆ ಬಿಡುವಿನಲ್ಲಿ ಒಬ್ಬರು ಹೆಸರುಗಳನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಿ ತಾಳೆ ಮಾಡಬೇಕು. ಕೂಸು ತನಗೆ ತಾನೇ ತಂದೆಯಾದಾಗ ನಾನು ಓದದೆಯೇ ಒತ್ತಿದ್ದೆ, ಆಮೇಲೆ ಮೇಷ್ಟ್ರು ಓದಿಕೊಟ್ಟರು. ಕೆಲವು ಸಲ ಗಿರಾಕಿಗಳು ಓದುತ್ತಾರೆ, ಯಾರೂ ಇಲ್ಲದಾಗ ನಾನೇ ಎರಡನ್ನೂ ಮಾಡುತ್ತೇನೆ. ನೋಡುವುದು ನನ್ನ ಕೆಲಸವಾಗಿತ್ತು, ಈಗಲೂ ನೋಡುತ್ತೇನೆ. ಓದುತ್ತಿದ್ದವಳು ಇಲ್ಲ.