ಕಪ್ತಾನ ಕಂಡ ಊರುಗಳು

ಅಫ್ಯೋನ್ ಊರಿನ ಕೋಟೆಬಂಡೆಯ ಕೆಳಗಿರುವ ನಮ್ಮ ಬೀದಿಯಲ್ಲಿ ರೆಜಾಯಿಯನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ. ಆಕೆ ತೀರಿಕೊಂಡ ಮೇಲೆ ಅವನು ಎಲ್ಲರಿಗೂ ಕಪ್ತಾನನೇ. ಹಡಗಿನ ಕಪ್ತಾನನಲ್ಲ ಮತ್ತೆ, ಸಮುದ್ರ ಕಂಡರೆ ಹೊಟ್ಟೆ ತೊಳಸುವ ಆಸಾಮಿ ಅವನು. ಪ್ರವಾಸದ ಬಸ್ಸು ಓಡಿಸುವವನಿಗೆ ನಮ್ಮ ಕಡೆ ಸಲ್ಲುವ ಮರ್ಯಾದೆ ಅದು. ಮೀಸೆ ಕರ್ರಗಿದ್ದಾಗ ಸ್ಟಿಯರಿಂಗ್ ಹಿಡಿದವನು ಅದು ಪೂರ್ತಿ ಬೆಳ್ಳಗಾಗುವ ತನಕ ಬಿಡಲಿಲ್ಲ. ಎಫೆಸಸ್, ಪಾಮುಕ್ಕಲೆ, ಅಫ್ರೋದಿಸಿಯಾಸ್, ಆಸ್ಪೆಂದೊಸ್, ಕೊನ್ಯಾ ಎಂದು ಹಳೆಯ ಊರುಗಳಿಗೆಲ್ಲ ಜನರನ್ನು ಕರೆದೊಯ್ದ. ದಾರಿಯಲ್ಲಿ ಒಂದು ಕೋಳಿಗೂ ಅವನ ಚಕ್ರ ತಾಗಲಿಲ್ಲ.

ಇಷ್ಟೆಲ್ಲ ಓಡಾಡಿದ ಮನುಷ್ಯ ಇವುಗಳಲ್ಲಿ ಒಂದೂರನ್ನಾದರೂ ಕಣ್ಣಾರೆ ಕಂಡಿದ್ದನೇ ಎಂದರೆ, ಇಲ್ಲ. ನಗಬೇಡಿ, ಬಸ್ಸು ಓಡಿಸುವವರ ಪಾಡೇ ಅದು. ಜನ ಇಳಿದು ಮಾರ್ಗದರ್ಶಿಯ ಹಿಂದೆ ಟೋಪಿ ಸರಿಮಾಡಿಕೊಳ್ಳುತ್ತ ಹೋಗುತ್ತಾರೆ. ಕಪ್ತಾನ ಬಸ್ಸು ಕಾಯಬೇಕು, ಗಾಜು ಒರೆಸಬೇಕು, ನೆರಳು ಸರಿದಂತೆ ಬಸ್ಸನ್ನೂ ಸರಿಸಬೇಕು. ಆಮೇಲೆ ಉಳಿದ ಕಪ್ತಾನರ ಜೊತೆ ಚಹಾ ಕುಡಿಯುತ್ತ ತಾವ್ಲಾ ಆಟದ ಹಾಸಿನ ಮೇಲೆ ದಾಳ ಉರುಳಿಸುತ್ತ ಕೂತರೆ ಜನ ವಾಪಸ್ಸು ಬಂದೇಬಿಡುತ್ತಾರೆ. ಮೊದಲ ವರ್ಷ ಒಳಗೆ ಹೋಗಬೇಕೆಂದುಕೊಂಡದ್ದು ಮುಂದಿನ ವರ್ಷಕ್ಕಾಯಿತು, ಅದು ಅದರ ಮುಂದಿನ ವರ್ಷಕ್ಕಾಯಿತು. ಕಡೆಗೆ ಅದರ ಯೋಚನೆಯೂ ಹೋಯಿತು.

ಆದರೆ ಮನೆಯಲ್ಲಿ ನಾಜ್ಮಿಯೆ ಇದ್ದಳಲ್ಲ. ಮದುವೆಯಾದ ಹೊಸದರಲ್ಲಿ, ಅವನು ಎಫೆಸಸ್ಸಿನಿಂದ ಬಂದ ಸಂಜೆ, ಒಳಗೆ ಏನೇನಿದೆ ಎಂದು ಆಸೆಯಿಂದ ಕೇಳಿದಳು. ಬಸ್ಸು ನಿಲ್ಲಿಸುವ ಜಾಗ ಬಿಟ್ಟು ಬೇರೇನೂ ನೋಡಿಲ್ಲ ಎನ್ನಲು ಹೊಸ ಗಂಡನಿಗೆ ನಾಚಿಕೆಯಾಯಿತು. ಅವಳು ಒಗೆದ ಬಟ್ಟೆ ಹರವುತ್ತಿದ್ದಳು. ಅದನ್ನೇ ನೋಡುತ್ತ, ಅಲ್ಲೊಬ್ಬ ರಾಜ ತನ್ನ ರಾಣಿಗಾಗಿ ಅಮೃತಶಿಲೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಕೆತ್ತಿಸಿದ್ದಾನೆ, ಅದರ ಮೇಲೆ ಕಲ್ಲಿನ ಲಂಗ, ಲಂಗದ ಅಂಚಿನಲ್ಲಿ ಕಲ್ಲಿನ ನೀರಹನಿ ಎಂದುಬಿಟ್ಟ. ನಾಜ್ಮಿಯೆ ಕೈಲಿದ್ದ ಅಂಗಿಯನ್ನು ಎದೆಗವಚಿಕೊಂಡು ಕೇಳಿದಳು. ಆ ಮುಖ ನೋಡಿದ ಮೇಲೆ ಅವನ ಬಾಯಿಗೆ ಲಂಗುಲಗಾಮು ಇಲ್ಲದಂತಾಯಿತು. ಅವಳು ಚಹಾ ಕಾಸುತ್ತಿದ್ದರೆ ಪಾಮುಕ್ಕಲೆಯ ಬಿಸಿನೀರಿನ ಬುಗ್ಗೆಯ ಮೇಲೆ ಒಂದು ಕಲ್ಲಿನ ಚಹಾಪಾತ್ರೆ ಎದ್ದಿತು. ಹಿಟ್ಟು ಲಟ್ಟಿಸುತ್ತಿದ್ದರೆ ಅಫ್ರೋದಿಸಿಯಾಸಿನಲ್ಲಿ ಕಲ್ಲಿನ ಹೆಂಗಸೊಬ್ಬಳು ಕೂತು, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಕಲ್ಲಿನ ಹಿಟ್ಟು ಲಟ್ಟಿಸಿದಳು. ಹಾಸಿಗೆ ಹಿಡಿದ ಅತ್ತೆ, ಮಕ್ಕಳ ಸ್ಕೂಲು ಎಂದು ನಾಜ್ಮಿಯೆ ಅಫ್ಯೋನ್ ಬಿಟ್ಟು ಕದಲಿದವಳಲ್ಲ. ಗಂಡ ಹೇಳಿದ್ದೆಲ್ಲ ಅವಳಿಗೆ ಸತ್ಯ. ಬೀದಿಯ ಹೆಂಗಸರನ್ನು ಕೂರಿಸಿಕೊಂಡು ಅವಳೂ ಅದನ್ನೇ ಹೇಳುತ್ತಿದ್ದಳು. ನಾವೂ ನಂಬಿದ್ದೆವು.

ಹೀಗಿರುವಾಗ ರೆಜಾಯಿಯ ಕೆಲಸದ ಕೊನೆಯ ಪ್ರವಾಸ ಬಂತು. ಅವನ ಬಸ್ಸಿನ ಮಾಲೀಕ ಮನೆಗೇ ಬಂದು, ನಾಜ್ಮಿಯೆಯ ಕೈಯ ಗಸಗಸೆ ರೊಟ್ಟಿ ತಿಂದು, ಈ ಸಲ ಮುಂದಿನ ಸೀಟು ನಿಮಗೇ ಅಮ್ಮ, ಒಂದು ಕಾಸೂ ಕೊಡಬೇಕಿಲ್ಲ ಎಂದ. ನಾಜ್ಮಿಯೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರೆಜಾಯಿ ಮಾತ್ರ ಮುಂದಿನ ಸೀಟು ಕುಲುಕುತ್ತದೆ, ಸೊಂಟ ನೋಯುತ್ತದೆ ಎಂದು ಗೊಣಗಿದ.

ಪ್ರಯಾಣಿಕರು ಬುರ್ಸಾದ ಹೆಂಗಸರು, ಹೆಚ್ಚಿನವರು ನಿವೃತ್ತ ಟೀಚರುಗಳು. ಮಾರ್ಗದರ್ಶಿ ಯೋಂಜಾ ಎಂಬ ಹುಡುಗಿ. ವರ್ಷಗಟ್ಟಲೆ ಓದಿ, ಪರೀಕ್ಷೆ ಪಾಸುಮಾಡಿ, ಅಲೆದಲೆದು ಕೊನೆಗೆ ಸಿಕ್ಕಿದ ಮೊದಲ ಕೆಲಸ ಅವಳಿಗಿದು. ಒಂದೇ ಒಂದು ದೂರು ಬಂದರೂ ಇನ್ನೊಂದು ಪ್ರವಾಸ ಕೊಡುವುದಿಲ್ಲ ಎಂದು ಮಾಲೀಕ ಮೊದಲೇ ಹೇಳಿದ್ದ. ಅದನ್ನು ಅವಳು ರೆಜಾಯಿಗೆ ನಗುತ್ತಲೇ ಹೇಳಿದಳು, ಆದರೆ ಕೈ ಮೈಕಿನ ತಂತಿಯನ್ನು ಸುತ್ತುತ್ತಲೇ ಇತ್ತು. ರೆಜಾಯಿಗೆ ಅವಳ ಮೇಲೆ ಮಗಳಂತೆ ಅಕ್ಕರೆ ಹುಟ್ಟಿತು.

ಎಫೆಸಸ್ಸಿನಲ್ಲಿ ಎಲ್ಲರೂ ಇಳಿದರು. ನೀವೂ ಬನ್ನಿ, ನೀವೇ ತೋರಿಸಿ ಎಂದು ನಾಜ್ಮಿಯೆ ಕರೆದಳು. ಬಸ್ಸು ಬಿಟ್ಟು ಬರುವ ಹಾಗಿಲ್ಲ ಎಂದು ರೆಜಾಯಿ ಗಾಜು ಒರೆಸತೊಡಗಿದ. ಆ ಗಾಜು ಅಷ್ಟು ಹೊಳೆದದ್ದು ಅದರ ಆಯಸ್ಸಿನಲ್ಲೇ ಇಲ್ಲ. ಹೆಂಗಸರು ಮರಳಿದಾಗ ನಾಜ್ಮಿಯೆಯ ಮುಖ ಕೆಂಪಗಿತ್ತು. ಇನ್ನೇನು ಮುಗಿಯಿತು ನನ್ನ ಕಥೆ ಎಂದುಕೊಂಡು ಅವನು ನಿಂತಿದ್ದರೆ ಅವಳು ಬಂದು ಹೇಳಿದ್ದೇ ಬೇರೆ.

"ರೀ, ಈ ಹುಡುಗಿಗೆ ಏನೂ ಗೊತ್ತಿಲ್ಲ ಕಣ್ರೀ. ಕಲ್ಲಿನ ಹಗ್ಗ ಎಲ್ಲಮ್ಮಾ ಅಂದ್ರೆ ಅಂಥದ್ದಿಲ್ಲ ಅಂತಾಳೆ. ಅರ್ಧ ಊರು ತೋರ್ಸಿ ಕರ್ಕೊಂಡು ಬಂದ್ಬಿಟ್ಳು."

ಗಂಡನ ಮೇಲಿನ ನಂಬಿಕೆ ಎಂದರೆ ಹಾಗಿರಬೇಕು ನೋಡಿ. ಅವನು ಹೇಳಿದ್ದು ಕಣ್ಣೆದುರು ಕಾಣದಿದ್ದರೆ ತಪ್ಪು ಕಣ್ಣಿನದು, ಹುಡುಗಿಯದು, ಸರ್ಕಾರದ್ದು, ಯಾರದಾದರೂ ಆಗಲಿ, ರೆಜಾಯಿಯದು ಮಾತ್ರ ಅಲ್ಲ. ಪಾಮುಕ್ಕಲೆಯಲ್ಲಿ ಚಹಾಪಾತ್ರೆಯ ರಾದ್ಧಾಂತವಾಯಿತು. ಆ ಕಾಲಕ್ಕೆ ಈ ದೇಶಕ್ಕೆ ಚಹಾ ಬಂದೇ ಇರಲಿಲ್ಲ ಎಂದು ಒಬ್ಬ ಟೀಚರಮ್ಮ ಮೆತ್ತಗೆ ಹೇಳಿದಳು. ನನ್ನ ಯಜಮಾನರು ಕಣ್ಣಾರೆ ಕಂಡಿದ್ದಾರೆ, ನೀವು ಕಂಡಿದ್ದೀರಾ ಎಂದು ನಾಜ್ಮಿಯೆ ಸೊಂಟಕ್ಕೆ ಕೈಯಿಟ್ಟಳು. ಅವಳು ಡಬ್ಬಿಗಟ್ಟಲೆ ತಂದಿದ್ದ, ಅನ್ನ ತುಂಬಿದ ದ್ರಾಕ್ಷಿಎಲೆಯ ಸುರುಳಿಗಳನ್ನು ಇಡೀ ಬಸ್ಸೇ ತಿಂದಿತ್ತು. ತಿಂದವರು ಅವಳ ಪಕ್ಷ ಹಿಡಿದರು. ಹುಡುಗಿ ಬೇಗಬೇಗ ತೋರಿಸಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದಾಳೆ ಎಂಬ ಗುಸುಗುಸು ಹಿಂದಿನ ಸೀಟಿನವರೆಗೂ ಹಬ್ಬಿತು.

ಮರುದಿನ ಬೆಳಿಗ್ಗೆ ರೆಜಾಯಿ ಟೈರಿಗೆ ಕೈಯೊತ್ತಿ ನೋಡುತ್ತಿದ್ದಾಗ ಯೋಂಜಾ ಬಂದು ಪಕ್ಕದಲ್ಲಿ ನಿಂತಳು. ಕಣ್ಣು ಊದಿಕೊಂಡಿತ್ತು.

"ಕಪ್ತಾನ್ ಮಾಮ, ನಾನು ಓದಿರೋದ್ರಲ್ಲಿ ಏನೋ ಬಿಟ್ಟುಹೋಗಿದ್ಯಾ? ನೀವು ಇಷ್ಟು ವರ್ಷ ಓಡಾಡಿದೀರಿ. ನಂಗೆ ಗೊತ್ತಿಲ್ದೆ ಇರೋದು ನಿಮಗೆ ಗೊತ್ತಿರುತ್ತೆ. ಹೇಳ್ಕೊಡಿ."

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೂ ಬಂತು. ಅಷ್ಟರಲ್ಲಿ ಹೋಟೆಲಿನ ಬಾಗಿಲಲ್ಲಿ ನಾಜ್ಮಿಯೆ ಕಾಣಿಸಿದಳು, ಹೊಸ ತಲೆವಸ್ತ್ರ ಕಟ್ಟಿಕೊಂಡು, ಪ್ರವಾಸ ಹೊರಟ ಹುರುಪಿನಲ್ಲಿ. ನೀನು ಚೆನ್ನಾಗೇ ಹೇಳ್ತಿದೀಯಮ್ಮ ಎಂದಷ್ಟೇ ಹೇಳಿ ರೆಜಾಯಿ ಮುಂದಿನ ಟೈರಿಗೆ ಹೋದ. ಹೇಡಿ! ಬೆಟ್ಟದ ತಿರುವಿನಲ್ಲಿ ಮಂಜಿಗೂ ಹೆದರದವನು ಹೆಂಡತಿಯ ಮುಖಕ್ಕೆ ಹೆದರಿದ.

ತಿಂಡಿಯ ಮೇಜಿನಲ್ಲಿ ನಾಜ್ಮಿಯೆ ತೀರ್ಪು ಕೊಟ್ಟೇಬಿಟ್ಟಳು. ಇವತ್ತು ಅಫ್ರೋದಿಸಿಯಾಸ್. ಹಿಟ್ಟು ಲಟ್ಟಿಸುವ ಹೆಂಗಸನ್ನೂ ತೋರಿಸದಿದ್ದರೆ ಸಂಜೆ ಮಾಲೀಕರಿಗೆ ಫೋನು ಮಾಡಿ ದೂರು ಹೇಳುತ್ತೇನೆ ಎಂದಳು. ಮಾಲೀಕ ನಾಜ್ಮಿಯೆಯ ಮಾತು ತೆಗೆದುಹಾಕುವವನಲ್ಲ. ರೆಜಾಯಿಗೆ ಬಾಯಲ್ಲಿದ್ದ ಆಲಿವ್ ಕಾಯಿ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅಫ್ರೋದಿಸಿಯಾಸಿನಲ್ಲಿ ಬಸ್ಸು ರಸ್ತೆಯ ಬದಿಯಲ್ಲೇ ನಿಲ್ಲಬೇಕು. ಅಲ್ಲಿಂದ ಒಳಗೆ ಜನರನ್ನು ಟ್ರ್ಯಾಕ್ಟರಿನ ಗಾಡಿಯಲ್ಲಿ ಕೂರಿಸಿ ಎಳೆದೊಯ್ಯುತ್ತಾರೆ. ಗಾಡಿ ಹೊರಟಿತು. ಯೋಂಜಾ ತುದಿಯಲ್ಲಿ ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ರೆಜಾಯಿ ಅದನ್ನು ನೋಡಿದ. ದಾಳ ಉರುಳಿಸುತ್ತಿದ್ದ ಇನ್ನೊಬ್ಬ ಕಪ್ತಾನನ ಮಡಿಲಿಗೆ ಬಸ್ಸಿನ ಕೀಲಿ ಎಸೆದು, ಅದರ ಹಿಂದೆ ಹೊರಟ ಗಾಡಿಗೆ ಹಾರಿ ಕೂತ. ಅವನ ಕೀಲಿ ಬೇರೆಯವರ ಕೈಗೆ ಹೋದದ್ದು ಅದೇ ಮೊದಲು. ಹೆಂಡತಿಯನ್ನು ಒಂದು ಮೂಲೆಗೆ ಕರೆದು ತಗ್ಗಿದ ದನಿಯಲ್ಲಿ ನಿಜ ಹೇಳಿಬಿಡುವುದು ಅವನ ಲೆಕ್ಕಾಚಾರ.

ಎಲ್ಲಿಯ ಮೂಲೆ! ಅವನನ್ನು ಕಂಡದ್ದೇ ತಡ ನಾಜ್ಮಿಯೆ ಎಲ್ಲರನ್ನೂ ನಿಲ್ಲಿಸಿದಳು. ಬಂದರು ನೋಡಿ, ಈಗ ಗೊತ್ತಾಗುತ್ತೆ, ಹುಡುಗಿಗೆ ಕಾಣದ್ದನ್ನ ಇವರೇ ತೋರಿಸ್ತಾರೆ ಎಂದು ಗಂಡನನ್ನು ಮುಂದಕ್ಕೆ ತಳ್ಳಿದಳು. ಬುರ್ಸಾದ ಹೆಂಗಸರೆಲ್ಲ ಅವನ ಬೆನ್ನಿಗೆ ಬಿದ್ದರು. ಯೋಂಜಾ ಕೂಡ ಕಲಿಯುವ ಆಸೆಯಿಂದ ಹಿಂಬಾಲಿಸಿದಳು. ಎಡವೋ ಬಲವೋ ತಿಳಿಯದ ರೆಜಾಯಿ, ನಾಜ್ಮಿಯೆಯ ಕೈ ಹಿಡಿದು ಎದುರಿಗೆ ಕಂಡ ಹುಲ್ಲಿನ ದಿಬ್ಬ ಹತ್ತತೊಡಗಿದ. ಟೀಚರಮ್ಮಂದಿರು ಏದುಸಿರು ಬಿಡುತ್ತ ಹಿಂದುಳಿದಾರು, ತುದಿಯಲ್ಲಿ ಹೇಳಿದರಾಯಿತು ಎಂದು ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದ. ದಿಬ್ಬದ ತುದಿ ಬಂತು.

ಆಚೆಗೆ ನೆಲವೇ ಇರಲಿಲ್ಲ. ಕಾಲಬುಡದಿಂದ ಕಲ್ಲಿನ ಮೆಟ್ಟಿಲ ಸಾಲುಗಳು ಇಳಿದು ಇಳಿದು ಹೋಗಿ, ಕೆಳಗೆ ಉದ್ದಕ್ಕೂ ಹಸಿರು ಬಯಲು, ಬಯಲಿನಾಚೆ ಮತ್ತೆ ಅಷ್ಟೇ ಸಾಲುಗಳು ಏರಿ ನಿಂತಿದ್ದವು. ಅಫ್ಯೋನಿನ ಜನರನ್ನೆಲ್ಲ ತಂದು ಕೂರಿಸಿದರೂ ಮೂಲೆಗಳು ಖಾಲಿ ಉಳಿಯುತ್ತಿದ್ದವು. ಬಿಸಿಲಿಗೆ ಕಲ್ಲು ಬೆಳ್ಳಗೆ ಬೆಳಗುತ್ತಿತ್ತು, ಸಂದುಸಂದಿನಲ್ಲೂ ಗಸಗಸೆ ಹೂ. ರೆಜಾಯಿಯ ಕೈಯಿಂದ ಟೋಪಿ ಜಾರಿ ಬಿತ್ತು. ಜೋಡಿಸಿಟ್ಟುಕೊಂಡ ಮಾತೆಲ್ಲ ಹಾರಿಹೋಯಿತು.

"ಯಾ ಅಲ್ಲಾ," ಎಂದ. "ಇಷ್ಟು ದೊಡ್ಡದು ಇಲ್ಲಿತ್ತಾ?"

ಹೆಂಗಸರು ಅಷ್ಟರಲ್ಲಿ ಮೇಲೆ ಬಂದಿದ್ದರು. ಎಲ್ಲರಿಗೂ ಕೇಳಿಸಿತು. ನಾಜ್ಮಿಯೆ ಅವನ ಕೈ ಬಿಟ್ಟಳು.

"ರೀ. ನೀವಿದನ್ನ ನೋಡೇ ಇಲ್ವಾ?"

"ಇಲ್ಲ."

"ಒಂದ್ಸಲಾನೂ?"

"ಬಸ್ ನಿಲ್ಸೋ ಜಾಗ ನೋಡಿದೀನಿ."

"ಎಫೆಸಸ್ಸು?"

"ಅಲ್ಲೂ ಬಸ್ ನಿಲ್ಸೋ ಜಾಗಾನೇ. ನೆರಳು ಚೆನ್ನಾಗಿದೆ."

ಯಾರೋ ಕಿಸಕ್ಕೆಂದರು. ನಾಜ್ಮಿಯೆ ನಗಲಿಲ್ಲ.

"ಮತ್ತೆ ಇಷ್ಟು ವರ್ಷ ನಂಗೆ ಹೇಳಿದ್ದೆಲ್ಲ?"

"ಬುರುಡೆ ಕಣೇ," ಎಂದ ರೆಜಾಯಿ. ಬಿದ್ದ ಟೋಪಿ ಎತ್ತಿಕೊಂಡು ಧೂಳು ಕೊಡವಿದ. "ಜನ ಒಳಗೆ ಹೋದ್ಮೇಲೆ ಬಸ್ಸಲ್ಲಿ ಕೂತು, ಈ ಸಲ ಮನೆಗೆ ಹೋದಾಗ ನಾಜ್ಮಿಯೆಗೆ ಏನು ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ಹುಡುಗಿದು ಏನೂ ತಪ್ಪಿಲ್ಲ. ಬಯ್ಯೋದಾದ್ರೆ ನನ್ನ ಬಯ್ಯಿ."

ನಾಜ್ಮಿಯೆ ಅವನನ್ನು ಬಯ್ಯಲಿಲ್ಲ. ಸೀದಾ ಯೋಂಜಾಳ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ಕೆನ್ನೆಗಳಿಗೆ ಮುತ್ತಿಟ್ಟಳು. ಮಗಳೇ, ನಿನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೆನಲ್ಲ ನಾನು, ಕ್ಷಮಿಸಿಬಿಡು ಎಂದಳು. ಹೆಂಗಸರ ಕಡೆ ತಿರುಗಿ, ಮಾಲೀಕರಿಗೆ ಫೋನು ಮಾಡೇ ಮಾಡುತ್ತೇನೆ, ಇಂಥ ಹುಡುಗಿ ಇನ್ನೊಬ್ಬಳು ಸಿಗಲ್ಲ ಅಂತ ಹೇಳುತ್ತೇನೆ ಎಂದಳು. ಯೋಂಜಾ ಅತ್ತೇಬಿಟ್ಟಳು. ಆಮೇಲೆ ನಾಜ್ಮಿಯೆಯ ಕಣ್ಣು ಚಹಾದ ಟೀಚರಮ್ಮನ ಮೇಲೆ ಬಿತ್ತು. ಬುಗ್ಗೆಯ ದಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತದ್ದು ನೆನಪಾಗಿ ಅವಳಿಗೆ ನಗು ಉಕ್ಕಿತು. ಟೀಚರಮ್ಮನೂ ತಡೆದುಕೊಳ್ಳಲಿಲ್ಲ. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು, ಉಸಿರು ಸಿಗದಷ್ಟು ನಕ್ಕು ಮೆಟ್ಟಿಲ ಮೇಲೆ ಕುಸಿದು ಕೂತರು.

ಯೋಂಜಾ ಕಣ್ಣೊರೆಸಿಕೊಂಡು ರೆಜಾಯಿಗೆ ಮೊದಲಿನಿಂದ ಹೇಳಿದಳು, ಇಲ್ಲಿ ಓಟಗಾರರು ಓಡುತ್ತಿದ್ದರು, ಅಲ್ಲಿ ಊರಿನ ದೊಡ್ಡವರು ಕೂರುತ್ತಿದ್ದರು ಎಂದು. ಮೈಕಿನಲ್ಲಿ ಬೆನ್ನ ಹಿಂದೆ ಎಷ್ಟೋ ಸಲ ಕೇಳಿದ್ದ ಮಾತುಗಳೇ ಅವು. ಈಗ ಕಣ್ಣೆದುರು ಎದ್ದು ನಿಂತವು. ಅವನು ಮೆಟ್ಟಿಲಿಳಿದು ಬಯಲಿನ ಉದ್ದಕ್ಕೂ ನಡೆಯತೊಡಗಿದ. ಅರ್ಧಕ್ಕೆ ಬಂದಾಗ ಅದೇನನ್ನಿಸಿತೋ, ಹೊಟ್ಟೆ ಕುಣಿಸುತ್ತ ಓಡಿದ. ಮೇಲಿಂದ ಬುರ್ಸಾದ ಹೆಂಗಸರು ಚಪ್ಪಾಳೆ ತಟ್ಟಿ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾಜ್ಮಿಯೆ. ಇಂಥ ಸುಳ್ಳುಗಾರನನ್ನು ಕಟ್ಟಿಕೊಂಡದ್ದಕ್ಕೆ ಅವಳಿಗೆ ಆ ಹೊತ್ತಿನಲ್ಲಿ ಸಂತೋಷವೇ ಆಗಿತ್ತು, ಹೆಮ್ಮೆಯೂ ಆಗಿತ್ತು.

ಮುಂದೆ ಆಸ್ಪೆಂದೊಸ್. ಎಲ್ಲರೂ ಇಳಿದರು, ರೆಜಾಯಿಯೂ ಇಳಿದ. ನಾಜ್ಮಿಯೆ ಮಾತ್ರ ಮುಂದಿನ ಸೀಟಿನಿಂದ ಏಳಲಿಲ್ಲ. ಕೀಲಿ ಕೊಡಿ ಎಂದು ಕೈ ಚಾಚಿದಳು.

"ಬಸ್ಸು ನಾನು ಕಾಯ್ತೀನಿ. ನೀವು ಹೋಗಿ ನೋಡ್ಕೊಂಡು ಬಂದು ಹೇಳಿ. ಆಮೇಲೆ ನಾನು ಹೋಗ್ತೀನಿ."

ರೆಜಾಯಿ ಬಸ್ಸಿನ ಮೆಟ್ಟಿಲ ಬಳಿಯೇ ನಿಂತು ಅವಳ ಮುಖ ನೋಡಿದ. "ನಿಜ ಹೇಳ್ಬೇಕಾ?"

"ನಿಜ ಹೇಳೋಕೆ ಯೋಂಜಾ ಇದಾಳೆ," ಎಂದಳು ನಾಜ್ಮಿಯೆ. "ನೀವು ನಿಮ್ಮದು ಹೇಳಿ."