ಲಿಫ್ಟ್ ಇಳಿಯಲೊಲ್ಲದ ಮಂಗಳವಾರ

ಹೊಲಕ್ಕೆ ಹೋಗಿ ಲಿವರ್ ಕೆಳಗೆ ಮಾಡಿದರೆ ಟ್ರ್ಯಾಕ್ಟರಿನ ಹಿಂದಿನ ಲಿಫ್ಟ್ ಇಳಿಯಲೊಲ್ಲದು. ಮತ್ತೊಮ್ಮೆ ಮೇಲೆ ಮಾಡಿದೆ, ಕೆಳಗೆ ಮಾಡಿದೆ. ಮಣ್ಣು ಪುಡಿ ಮಾಡುವ ರೋಟಾವೇಟರ್ ನೆಲ ಮುಟ್ಟದೆ ಜೋತುಕೊಂಡೇ ಇತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಹೇಳುತ್ತಾರೆ. ಅವತ್ತು ಆ ಮಾತನ್ನು ಸುಳ್ಳು ಮಾಡುವ ಇರಾದೆ ನನಗೂ ಇರಲಿಲ್ಲ.

ಬಂಕಾಪುರದ ದಾರಿಗೆ ಹತ್ತಿದ ನಮ್ಮ ಎರಡು ಎಕರೆ ಮಳೆ ಬಿದ್ದು ಹದಕ್ಕೆ ಬಂದಿತ್ತು. ಮರುದಿನ ಗೋವಿನಜೋಳ ಊರಲು ಹೆಣ್ಣಾಳುಗಳು ಬರುವವರಿದ್ದರು. ಸಂಜೆಯೊಳಗೆ ನೆಲ ಹಸನಾಗದಿದ್ದರೆ ಅವರು ಬೇರೆ ಹೊಲ ಹಿಡಿಯುತ್ತಾರೆ, ಮತ್ತೆ ಒಂದು ವಾರ ಸಿಗುವುದಿಲ್ಲ, ಅಷ್ಟರಲ್ಲಿ ಹದ ಆರಿ ಹೋಗುತ್ತದೆ. ಮೇಲಾಗಿ ಎತ್ತು ಮಾರಿ ಈ ಸಣ್ಣ ಟ್ರ್ಯಾಕ್ಟರ್ ತರೋಣ ಎಂದು ಹಟ ಹಿಡಿದವಳು ನಾನು. ಬಸ್ಸಿನ ಡ್ಯೂಟಿಗೆ ಹೋಗುವ ನಮ್ಮ ಮನೆಯವರು, "ನೀನ ಹೊಡಿಯಂಗಿದ್ರ ತರೂಣು" ಎಂದಿದ್ದರು. ಅತ್ತೆ ಮಾತ್ರ ಎತ್ತು ಹೋದಾಗಿನಿಂದ ಮೋರೆ ಗಂಟು ಹಾಕಿಕೊಂಡಿದ್ದರು. ಈ ಬಿತ್ತನೆ ತಪ್ಪಿದರೆ ಅವರಿಗೆ ಯಾವ ಮುಖ ತೋರಿಸಲಿ?

ಬಂಕಾಪುರದ ಮೇಸ್ತ್ರಿಗೆ ಫೋನ್ ಹಚ್ಚಿದೆ. "ಹಿಂದಿನ ಎಣ್ಣಿ ನೋಡ್ರಿ ಅಕ್ಕಾರ. ಎತ್ತಿ ನಿಂತ ರೋಟಾವೇಟರ್ ಕೆಳಗ ಮಾತ್ರ ಹೋಗಬ್ಯಾಡ್ರಿ" ಎಂದ. ಎಣ್ಣೆ ಸರಿ ಇತ್ತು. ಲಿವರಿನ ಸರಳು ಕಳಚಿರಲಿಲ್ಲ. "ಹಂಗಾರ ನಾಳೆ ಬರ್ತೇನ್ರಿ" ಎಂದ. ನಿನ್ನ ನಾಳೆ ತಗೊಂಡು ನಾನೇನು ಮಾಡಲೋ ಎಂದು ಬೈದೆ, ಫೋನ್ ಇಟ್ಟ ಮೇಲೆ.

ಬದುವಿನ ಮೇಲೆ ಹೋಗುತ್ತಿದ್ದ ಪಕ್ಕದ ಹೊಲದ ಹಿರಿಯರು ನಿಂತು, "ಎತ್ತು ಛಲೋ ಇದ್ದುವು ನೋಡ ತಂಗಿ" ಎಂದರು.

"ಹೌದ್ರಿ. ಬರ್ರಿ, ನೀವ ಹೆಗಲು ಕೊಡ್ರಿ" ಎಂದೆ. ಅವರು ನಕ್ಕೊಂತ ಮುಂದೆ ಹೋದರು. ನನಗೆ ಅಳು ಬರುವುದೊಂದು ಬಾಕಿ.

ಅಷ್ಟೊತ್ತಿಗೆ ಅತ್ತೆ ಬುತ್ತಿ ತಂದರು. ಗಂಟನ್ನು ಕೆಳಗಿಡದೆ ಕೇಳಿದರು, "ಯಾಕ ನಿಂತಿ?"

"ಲಿಫ್ಟ್ ಇಳೀವಲ್ದ್ರಿ."

ಅವರು ಟ್ರ್ಯಾಕ್ಟರಿನ ಸುತ್ತ ಒಂದು ಸಲ ತಿರುಗಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು, "ನಿನ್ನೆ ನೀ ಬೀಜಕ್ಕ ಸವಣೂರಿಗೆ ಹೋದಾಗ ಇದರ ಮೈ ತೊಳದೆ. ಸೀಟಿನ ಬುಡಕ ನಳದಂಥಾದ್ದೊಂದು ಸಡ್ಲ ಇತ್ತು. ನೀರು ಒಳಗ ಹೊಕ್ಕೀತಂತ ಗಟ್ಟ್ಯಾಗಿ ತಿರುವಿದೆ."

ವಾರಕ್ಕೊಮ್ಮೆ ನೀರು ಬಿಡುವ ಊರಿನ ಹೆಂಗಸರಿಗೆ ಸಡಿಲ ನಳ ಕಂಡರೆ ಕೈ ಸುಮ್ಮನಿರುವುದಿಲ್ಲ. ಆ ತಿರುಪು ಲಿಫ್ಟ್ ಎಷ್ಟು ಮೆಲ್ಲಗೆ ಇಳಿಯಬೇಕೆಂದು ಹೇಳುವಂಥದ್ದು. ಪೂರಾ ಬಿಗಿದರೆ ಎಣ್ಣೆ ವಾಪಸು ಹೋಗಲು ದಾರಿಯೇ ಇಲ್ಲ, ಎತ್ತಿದ್ದು ಎತ್ತಿದಂತೆಯೇ ನಿಲ್ಲುತ್ತದೆ. ಗಾಡಿ ತಂದ ದಿನ ಶೋರೂಮಿನವರು ತೋರಿಸಿದ್ದರು, ನಾನು ಮರೆತೇ ಬಿಟ್ಟಿದ್ದೆ. ಅತ್ತೆಯನ್ನು ದೂರ ಸರಿಸಿ, ತಿರುಪನ್ನು ಸ್ವಲ್ಪವೇ ಸಡಿಲಿಸಿದೆ. ರೋಟಾವೇಟರ್ ಮೆತ್ತಗೆ ಕೆಳಗಿಳಿದು ಮಣ್ಣಿನ ಮೇಲೆ ಕೂತಿತು.

ಬೆಳಿಗ್ಗೆ ಗಾಡಿ ಲಕಲಕ ಅನ್ನುವುದನ್ನು ನೋಡಿ ನಮ್ಮ ಮನೆಯವರ ಕೆಲಸ ಎಂದುಕೊಂಡಿದ್ದೆ. "ಯಾಕ್ರಿ ತೊಳದ್ರಿ?" ಎಂದೆ, ಇನ್ನೂ ಸ್ವಲ್ಪ ಸಿಟ್ಟಿನಲ್ಲೇ.

"ಸೋಮವಾರ ಬಸವಣ್ಣನ ವಾರ. ಎತ್ತು ಹೂಡತಿದ್ದಿಲ್ಲ, ಮೈ ತೊಳದು ಹಣಿಗೆ ಈಬತ್ತಿ ಹಚ್ಚತಿದ್ದೆ. ಈಗ ದುಡಿಯೂದು ಇದು. ಇದಕ್ಕೂ ಬ್ಯಾಡೇನು?"

ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾಚಿಕೆಯಾಯಿತು, ಖುಷಿಯಾಯಿತು, ಕಣ್ಣೂ ತುಂಬಿತು. ಸೀಟು ಹತ್ತಿ ಇಂಜಿನ್ ಚಾಲೂ ಮಾಡಿದೆ. ಹೊತ್ತು ಮುಳುಗುವುದಕ್ಕೆ ಮೊದಲೇ ಎರಡೂ ಎಕರೆ ಹಸನಾಯಿತು.

ಮನೆಗೆ ಹೊರಟಾಗ ಅತ್ತೆ ಟ್ರ್ಯಾಕ್ಟರಿನ ಮುಂದೆ ಬಂದು ನಿಂತರು. "ತಡಿ. ಯಾವುದು ತಿರುವಬೇಕು, ಯಾವುದು ತಿರುವಬಾರ್ದು, ನನಗೂ ತೋರ್ಸು."

ಇಂಜಿನ್ ಬಂದ್ ಮಾಡಿದೆ. ನಾನು ಒಂದೊಂದನ್ನೇ ತೋರಿಸಿದೆ, ಅವರು ಒಂದೊಂದನ್ನೇ ಮುಟ್ಟಿ ಅದರ ಹೆಸರು ಕೇಳಿದರು.