ದೊಡ್ಡವ್ವ ಎದ್ದು ನಿಲ್ಲುವ ತನಕ

ನಮ್ಮ ಅವ್ವ ದಪ್ಪ, ಅವಳ ಅಕ್ಕ ತೆಳ್ಳಗೆ. ಹುನಗುಂದದಲ್ಲಿರುವ ಅವ್ವನನ್ನು ಕಂಡವರೆಲ್ಲ ತೂಕ ಇಳಿಸಿಕೋ ಎಂದು ಬುದ್ಧಿ ಹೇಳುತ್ತಿದ್ದರು. ಚೊಳಚಗುಡ್ಡದ ದೊಡ್ಡವ್ವನನ್ನು ಮಾತ್ರ, ಎಂಬತ್ತರ ಹತ್ತಿರ ಬಂದರೂ 'ಹುಡಿಗ್ಯಾಂಗ ಅದಾಳ ನೋಡು' ಎಂದು ಹೊಗಳುತ್ತಿದ್ದರು. ನಾನೂ ಹೊಗಳಿದವಳೇ. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳ ಊಟ ಹೊತ್ತಿಗೆ ಅರ್ಧ ರೊಟ್ಟಿಗೆ ಇಳಿದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೋದ ಮಳೆಗಾಲದಲ್ಲಿ ಇಬ್ಬರೂ ಬಾಗಲಕೋಟೆಯ ವಿದ್ಯಾಗಿರಿಗೆ, ನನ್ನ ಮನೆಗೆ ಬಂದಿದ್ದಾಗ ಜ್ವರ ಹಿಡಿಯಿತು. ಮೊದಲು ಅವ್ವನಿಗೆ, ಆಮೇಲೆ ದೊಡ್ಡವ್ವನಿಗೆ. ಅವ್ವ ವಾರದೊಳಗೆ ಗೋಡೆ ಹಿಡಿದು ಅಡುಗೆಮನೆಗೆ ಬಂದಳು. ದೊಡ್ಡವ್ವನಿಗೆ ಕಫ ಕಟ್ಟಿ ಉಸಿರು ಸಾಲದೆ ದವಾಖಾನೆಗೆ ಸೇರಿಸಬೇಕಾಯಿತು.

ಅಲ್ಲಿ ಅವಳ ಸೀರೆ ಬದಲಿಸುವಾಗ ನನ್ನ ಕೈ ನಿಂತುಬಿಟ್ಟಿತು. ತೊಡೆ ನನ್ನ ತೋಳಿನಷ್ಟೂ ಇರಲಿಲ್ಲ. ಇಷ್ಟು ದಿನ ನಿರಿಗೆಯೊಳಗೆ ಮುಚ್ಚಿಹೋಗಿದ್ದ ಸಂಗತಿ ಅದು.

"ಕಫ ಕಡಿಮಿ ಆಗೇತ್ರಿ," ಎಂದರು ಡಾಕ್ಟರು. ಆದರೆ ಅವರ ಮುಖ ಸಡಿಲವಾಗಲಿಲ್ಲ. ದೊಡ್ಡವ್ವನ ಮೀನಖಂಡವನ್ನು ಹಿಡಿದು ತೋರಿಸಿದರು. "ನನಗ ಅಂಜಿಕಿ ಇರೋದು ಇದರದ್ದು. ಈ ವಯಸ್ಸಿನಾಗ ಜಡ್ಡು ಬಂದ್ರ ಮೈ ತನ್ನ ಖಂಡಾನ ತಾನೇ ಕರಗಿಸಿ ತಿಂತೈತಿ. ಇವರ ಮೈಯಾಗ ಕರಗಾಕ ಏನೂ ಉಳಿದಿಲ್ಲ. ಉಣಿಸ್ರಿ, ಎಬ್ಬಿಸಿ ನಿಂದ್ರಿಸ್ರಿ. ಹಿಂಗ ಮಲಗೇ ಇದ್ರ ಮುಂದಿಂದು ನನಗ ಹೇಳಾಕಾಗಂಗಿಲ್ಲ."

"ಹಂಗಾರ ನನ್ಹಂಗ ದಪ್ಪ ಇರೋದು ಚಲೋ ಏನ್ರಿ?" ಅವ್ವ ಕೇಳಿದಳು.

"ಬರೇ ದಪ್ಪ ಇದ್ರ ಆಗಂಗಿಲ್ರಿ. ನಿಮ್ಮ ಕಾಲಾಗ ಕಸು ಐತಿ."

ಮನೆಗೆ ಕರೆತಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ದೊಡ್ಡವ್ವ ಬಾಯಿ ಬಿಡುತ್ತಿರಲಿಲ್ಲ. ಬೇಳೆಕಟ್ಟಿನ ಚಮಚ ತುಟಿಗೆ ತಾಕಿದರೆ ಮುಖ ತಿರುಗಿಸುತ್ತಿದ್ದಳು. ಒಳಗೆ ಹೋದರೆ ಕೆಮ್ಮು. ಆ ಕೆಮ್ಮು ನಿಲ್ಲುವವರೆಗೆ ನಾನು ಅವಳ ಬೆನ್ನು ನೀವುತ್ತ ಕೂರುತ್ತಿದ್ದೆ.

"ಸಾಕಬೇ, ನಾ ಹೋಗಾಕಿ. ಯಾಕ ಕಾಡ್ತೀರಿ?" ಎಂದಳು ಒಂದು ದಿನ.

"ಹೋಗೋದಿದ್ರ ನಿನ್ನ ಮನಿಯಿಂದ ಹೋಗು. ಇಲ್ಲಿಂದ ನಾ ಕಳಸಂಗಿಲ್ಲ," ಎಂದು ಅವ್ವ ಮತ್ತೆ ಚಮಚ ಎತ್ತಿದಳು.

ಮರುದಿನ ಮುಂಜಾನೆ ನಿಲ್ಲಿಸಲು ನೋಡಿದೆವು. ನಾನು ಬೆನ್ನಿಗೆ ಕೈ ಕೊಟ್ಟೆ, ಅವ್ವ ಎದುರಿಗೆ ನಿಂತಳು. ದೊಡ್ಡವ್ವ ಮಂಚದಿಂದ ಎದ್ದಳು, ಮೊಣಕಾಲು ಕುಸಿದವು.

"ನನ್ನ ಮ್ಯಾಲ ಬೀಳು, ಯಕ್ಕಾ! ನಾ ಬೀಳಂಗಿಲ್ಲ!"

ದೊಡ್ಡವ್ವ ಪೂರ್ತಿ ಅವ್ವನ ಎದೆಗೆ ಒರಗಿದಳು. ಮುಖ ಬಿಳಿಚಿ ಕಣ್ಣು ಮೇಲಾದವು. ಮುಗಿಯಿತು ಅಂದುಕೊಂಡೆ. ನೀರು ತರಲು ಓಡಬೇಕೆಂದರೂ ಕೈ ಬಿಡುವಂತಿರಲಿಲ್ಲ. ಅವ್ವ ಮಾತ್ರ ಕಾಲು ಅಗಲಿಸಿ, ಕಂಬದಂತೆ ನಿಂತು ಅಕ್ಕನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಎಷ್ಟು ಹೊತ್ತಾಯಿತೋ. ದೊಡ್ಡವ್ವನ ರೆಪ್ಪೆ ಅಲುಗಿತು.

"ಕುಂದ್ರಸು," ಎಂದಳು. ಸುಧಾರಿಸಿಕೊಂಡು, ಸಿಟ್ಟಿನಿಂದಲೇ, "ಇನ್ನೊಮ್ಮಿ ಹಿಡೀರಿ."

ಅಂದು ಸಂಜೆ ಅವಳು ಮೊದಲ ಸಲ ಅರ್ಧ ಬಟ್ಟಲು ಉಂಡಳು. ದಿನಾ ಮೂರು ಹೊತ್ತು ನಿಲ್ಲಿಸಿದೆವು. ದೀಪಾವಳಿಯ ಹೊತ್ತಿಗೆ ಗೋಡೆ ಹಿಡಿದು ನಡೆದಳು. ಮೊದಲಿನ ಹಾಗೆ ಆಗುವುದಿಲ್ಲ, ಇನ್ನೊಂದು ಜ್ವರ ಬಂದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದಾರೆ.

ಈಗ ಇಬ್ಬರೂ ಹುನಗುಂದದಲ್ಲಿದ್ದಾರೆ. ಬೆಳಗ್ಗೆ ಫೋನ್ ಮಾಡಿದಾಗ ಅವರು ಎತ್ತುವ ತನಕ ನಾನು ರಿಂಗು ಎಣಿಸುತ್ತಿರುತ್ತೇನೆ. ಮೊನ್ನೆ ಎತ್ತಿದ್ದು ದೊಡ್ಡವ್ವ.

"ನಿಮ್ಮವ್ವ ಜಳಕಾ ಮಾಡಾಕತ್ತಾಳ. ನಾ ಹೊರಗ ಕಟ್ಟಿ ಮ್ಯಾಲ ಕುಂತೇನಿ, ಬಿಸಲಾಗ."

"ಹೊಸ್ತಿಲಾ ದಾಟುವಾಗ ಯಾರು ಹಿಡಕೊಂಡಿದ್ರು?"

"ಯಾರ ಹಿಡೀತಾರ? ಬಾಗಲಾ ಹಿಡಕೊಂಡು ಬಂದೆ," ಎಂದಳು.